ವಾಳೆಗೊಂದು ಬೇಡ, ಇಗರ್ಜಿಗೆಲ್ಲ ಒಂದೇ ಗೋದಲಿ: ನನ್ನ ಅನುಭವ

ಉಡುಪಿ ಕಡೆಯ ಸಣ್ಣ ಇಗರ್ಜಿ ನಮ್ಮದು. ಮೊದಲೆಲ್ಲ ಕ್ರಿಸ್ಮಸ್ ಬಂತೆಂದರೆ ವಾಳೆಗೊಂದು (ಇಗರ್ಜಿಯ ಮನೆಗಳ ಒಂದೊಂದು ಗುಂಪೇ ವಾಳೆ) ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಅದಕ್ಕೊಂದು ಸ್ಪರ್ಧೆ, ಆಮೇಲೆ ತೀರ್ಪು ಸರಿಯಿಲ್ಲ ಅಂತ ಜನವರಿ ಮುಗಿಯುವವರೆಗೂ ಮುನಿಸು. ನಾನು ನಮ್ಮ ವಾಳೆಯ ಮುಖಂಡ, ಅಂದರೆ ಗುರಿಕಾರನಾದ ಮೇಲೆ ಇಗರ್ಜಿಯ ಪಾಲನಾ ಮಂಡಳಿ ಸಭೆಯಲ್ಲಿ ಕೇಳಿಯೇ ಬಿಟ್ಟೆ. ಸ್ಪರ್ಧೆ ಬಿಡೋಣ, ಎಲ್ಲ ಸೇರಿ ಒಂದೇ ಕಟ್ಟೋಣ, ಥರ್ಮೋಕೋಲ್ ಬೇಡ. ಫಾದರ್ ನಕ್ಕರು. "ಜಾಗ ನಾನು ಕೊಡ್ತೇನೆ, ಜನ ನೀವು ತನ್ನಿ."

ಜನ ಬಂದರು. ಕೆಲಸ ಹಂಚಿದ್ದರಿಂದ ಬಂದರು ಅನ್ನಿ. ಬರೀ "ಎಲ್ಲರೂ ಬನ್ನಿ" ಅಂದರೆ ಯಾರೂ ಬರುವುದಿಲ್ಲ. ಒಂದು ವಾಳೆಗೆ ಗುಡ್ಡ, ಒಂದಕ್ಕೆ ಕೊಟ್ಟಿಗೆ, ಒಂದಕ್ಕೆ ಬಿದಿರಿನ ನಕ್ಷತ್ರ, ಮಕ್ಕಳಿಗೆ ಗೋದಲಿಯ ಹಸಿರಿಗೆ ರಾಗಿ ಬೆಳೆಸುವ ಕೆಲಸ.

ಗುಡ್ಡಕ್ಕೆ ಹಳೆ ಗೋಣಿಚೀಲ ಸಾಕು. ಕೆಂಪು ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಸ್ವಲ್ಪ ಸಿಮೆಂಟ್ ಸೇರಿಸಿ, ಗೋಣಿಯನ್ನು ಅದರಲ್ಲಿ ಅದ್ದಿ, ಬಿದಿರಿನ ಚೌಕಟ್ಟಿನ ಮೇಲೆ ಸುಮ್ನೆ ಎಸೆದ ಹಾಗೆ ಹಾಕಬೇಕು. ಕೈಯಿಂದ ಜಾಸ್ತಿ ತಿದ್ದಲು ಹೋದರೆ ಗುಡ್ಡ ಹೋಗಿ ಗೋಡೆಯಾಗುತ್ತದೆ. ಬಿದ್ದ ಮಡಿಕೆಗಳೇ ಒಣಗಿದ ಮೇಲೆ ಬಂಡೆಯ ಹಾಗೆ ಕಾಣುತ್ತವೆ.

ಕೊಟ್ಟಿಗೆಯ ಮಾಡಿಗೆ ಹೆಣೆದ ಮಡಲು (ತೆಂಗಿನ ಗರಿ). ಬೈಹುಲ್ಲು ಪಕ್ಕದ ಮನೆಯ ಶೆಟ್ಟರದ್ದು. ಕೇಳಲು ಹೋದರೆ "ಪೊರ್ಬುಲೇ (ತುಳುವಿನಲ್ಲಿ ನಮ್ಮವರನ್ನು ಕರೆಯುವುದು ಹೀಗೆ), ಎರಡು ಕಟ್ಟು ಸಾಕಾ?" ಅಂತ ಅವರೇ ಜೀಪಿಗೆ ಹಾಕಿಸಿದರು.

ಎಲ್ಲಕ್ಕಿಂತ ತಲೆ ತಿಂದದ್ದು ರಾಗಿ. ಡಿಸೆಂಬರ್ 13ರ ಸುಮಾರಿಗೆ ಬಿತ್ತಿದರೆ ಹಬ್ಬಕ್ಕೆ ಸರಿಯಾಗಿ ಹಸಿರು ಬರುತ್ತದೆ. ರಾತ್ರಿ ನೆನೆಸಿ, ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ಒತ್ತೊತ್ತಾಗಿ ಚೆಲ್ಲಬೇಕು, ಮೊಳಕೆ ಒಡೆಯುವವರೆಗೆ ಒದ್ದೆ ಗೋಣಿ ಮುಚ್ಚಬೇಕು. ಮೊಳಕೆ ಕಂಡ ಕೂಡಲೇ ಬೆಳಕಿಗೆ ಇಡಬೇಕು, ಇಲ್ಲದಿದ್ದರೆ ಹಳದಿಯಾಗಿ ಬೀಳುತ್ತದೆ. ಹಾಗಾಗಿ ತಟ್ಟೆಗಳೆಲ್ಲ 23ರವರೆಗೆ ಮಕ್ಕಳ ಮನೆಯ ಜಗಲಿಯಲ್ಲೇ ಇದ್ದವು. ಕೋಳಿಗಳಿಂದ ಕಾಯುವುದೇ ಒಂದು ಕೆಲಸ.

ಎತ್ತು ಮತ್ತು ಕತ್ತೆಯ ಪ್ರತಿಮೆ ಇಡುವಾಗ ಒಬ್ಬ ಹುಡುಗ ಕೇಳಿದ, "ಅಂಕಲ್, ಇವು ಬೈಬಲ್‌ನಲ್ಲಿ ಎಲ್ಲಿವೆ?" ಒಳ್ಳೆ ಪ್ರಶ್ನೆ ಅಲ್ವಾ? ಲೂಕನ ಸುವಾರ್ತೆಯಲ್ಲಿ ಗೋದಲಿ ಇದೆ, ಕುರುಬರಿದ್ದಾರೆ, ಎತ್ತು ಕತ್ತೆ ಇಲ್ಲ. ಅವು ಬಂದದ್ದು ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿರುವ ಯೆಶಾಯನ ಗ್ರಂಥದ ಒಂದು ಮಾತಿನಿಂದ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿ ಮಾಡಿಸಿದಾಗ ನಿಜವಾದ ಎತ್ತು, ಕತ್ತೆ, ಹುಲ್ಲನ್ನೇ ತರಿಸಿದ್ದರು. ಇದನ್ನು ಹೇಳಿದ್ದೇ ತಡ, ಶೆಟ್ಟರ ಕರುವನ್ನು ತರೋಣ ಅಂತ ಮಕ್ಕಳ ಗಲಾಟೆ. ಅದೊಂದು ಬೇಡ ಅಂದೆ.

ದೀಪದ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ಬೈಹುಲ್ಲಿನ ಹತ್ತಿರ ಮೊಂಬತ್ತಿ ಇಲ್ಲ, ಸೀರಿಯಲ್ ಸೆಟ್ಟಿನ ವಯರಿಗೆ ಜೋಡಣೆ ಇಲ್ಲ, ರಾತ್ರಿ ಇಗರ್ಜಿ ಬಾಗಿಲು ಹಾಕುವಾಗ ಸ್ವಿಚ್ ಆಫ್.

ರಾತ್ರಿ 10ರ ನಂತರ ಧ್ವನಿವರ್ಧಕದ ತೊಂದರೆ ಇರುವುದರಿಂದ ನಮ್ಮಲ್ಲಿ 24ರ ಬಲಿಪೂಜೆ ಏಳೂವರೆಗೇ ಶುರು. ಹಿರಿಯರಿಗೆ ಈಗಲೂ ಇದು ಒಗ್ಗಿಲ್ಲ, ಆದರೆ ಮಕ್ಕಳು ನಿದ್ದೆ ಮಾಡದೆ ಕೂರುತ್ತಾರೆ, ನನಗೆ ಇದೇ ಸರಿ ಅನಿಸುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಭಾನುವಾರಗಳಲ್ಲಿ ಗ್ಲೋರಿಯ ಅನ್ನುವ ಸ್ತುತಿಗೀತೆ ಹಾಡುವುದಿಲ್ಲ. ಅವತ್ತು ಅದು ಶುರುವಾದ ಕೂಡಲೇ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು. ಅಲ್ಲಿಯವರೆಗೆ ಖಾಲಿ ಇದ್ದ ಗೋದಲಿಯಲ್ಲಿ ಫಾದರ್ ಬಾಲಯೇಸುವನ್ನು ಮಲಗಿಸಿದರು. ಬಾಲಯೇಸುವನ್ನು ನೋಡಲು ಪೂರ್ವದಿಂದ ಬಂದ ಮೂವರು ರಾಯರನ್ನು ಮಾತ್ರ ಆಗಲೇ ಇಡಬೇಡಿ. ಅವರು ದೂರದಲ್ಲಿ, ಗುಡ್ಡದ ಆಚೆ ಇರಲಿ, ಪ್ರತಿದಿನ ಸ್ವಲ್ಪ ಸ್ವಲ್ಪ ಹತ್ತಿರ ಬರಲಿ. ಮಕ್ಕಳು ದಿನಾ ಇಗರ್ಜಿಗೆ ಬರುವುದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕಾಫಿ, ಕೇಕು, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು). ನೆವ್ರಿ, ಕಿಡಿಯೊ, ಗುಳಿಯೊ, ಎಲ್ಲ ವಾಳೆಯವರದ್ದೂ ಒಂದೇ ಮೇಜಿನ ಮೇಲೆ. ಯಾರ ನೆವ್ರಿ ಚೆನ್ನಾಗಿದೆ ಅನ್ನುವ ಸ್ಪರ್ಧೆ ಮಾತ್ರ ಇನ್ನೂ ನಿಂತಿಲ್ಲ.

ಜನವರಿಯಲ್ಲಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬ ಆದ ಮೇಲೆ ಗೋದಲಿ ಬಿಚ್ಚಿದೆವು. ಪ್ರತಿಮೆಗಳನ್ನು ಪೇಪರಿನಲ್ಲಿ ಸುತ್ತಿ ಇಡುವಾಗ ಪೆಟ್ಟಿಗೆಯ ಮೇಲೆ ಹೆಸರು ಬರೆದಿಡಿ, ಮುಂದಿನ ವರ್ಷ ಕುರುಬರನ್ನು ಹುಡುಕುವ ಕಷ್ಟ ತಪ್ಪುತ್ತದೆ. ರಾಗಿ ಸಸಿ, ಬೈಹುಲ್ಲು ಎಲ್ಲ ಶೆಟ್ಟರ ದನಗಳಿಗೆ ಹೋಯಿತು.