ಹೋಮ್‌ಸ್ಟೆಡ್ ಕುಟುಂಬದ ವಂಶಾವಳಿ ಕಟ್ಟಲು ನಾನು ಹಿಡಿದ ದಾರಿ

ಅಮೆರಿಕದ ಪ್ರೇರಿ ಎಂಬ ಹುಲ್ಲುಗಾವಲು ಸೀಮೆಯ ರೈತ ಕುಟುಂಬದ ವಂಶಾವಳಿಯನ್ನು ಬರೀ ಹೆಸರು ಹಿಡಿದು ಹುಡುಕಹೊರಟರೆ ಬೇಗ ದಾರಿ ತಪ್ಪುತ್ತದೆ. ನನ್ನ ಗಂಡನ ಮನೆತನದವರು ಸ್ವೀಡನ್ನಿನಿಂದ ನೆಬ್ರಾಸ್ಕಕ್ಕೆ ಬಂದು ಹೋಮ್‌ಸ್ಟೆಡ್ ಜಮೀನು, ಅಂದರೆ ಅಲ್ಲೇ ವಾಸವಿದ್ದು ಬೇಸಾಯ ಮಾಡುವ ಷರತ್ತಿನ ಮೇಲೆ ಸರ್ಕಾರ ಕೊಡುತ್ತಿದ್ದ ನೆಲ, ಹಿಡಿದವರು. ಸ್ವೀಡಿಷರು ಒತ್ತಾಗಿ ನೆಲೆಸಿದ ಕಡೆ ಪೀಟರ್ ಆಂಡರ್ಸನ್ ಎಂಬ ಹೆಸರಿನವರು ಅಕ್ಕಪಕ್ಕದಲ್ಲೇ ಇಬ್ಬರು ಮೂವರು ಸಿಗುತ್ತಾರೆ. ಇಬ್ಬರ ಹೆಂಡತಿಯೂ ಕ್ರಿಸ್ಟೀನಾ, ಇಬ್ಬರಿಗೂ ಚಾರ್ಲ್ಸ್ ಎಂಬ ಮಗ. ಇಂಥವರನ್ನು ಬೇರ್ಪಡಿಸಿ ತೋರಿಸುವುದು ಜಮೀನು. ನಮ್ಮಲ್ಲಿ ಸರ್ವೆ ನಂಬರ್ ಗೊತ್ತಿದ್ದರೆ ಹಳೆಯ ಪಹಣಿ ತೆಗೆಸಿ ತಾತ ಮುತ್ತಾತರ ತನಕ ಹೋಗುತ್ತೇವಲ್ಲ, ಅದೇ ಕ್ರಮ ಇಲ್ಲಿಯೂ ನಡೆಯುತ್ತದೆ. ನಾನು ಪ್ರತಿಯೊಂದು ಸಂಗತಿಯನ್ನೂ ಮೊದಲು ಜಮೀನಿಗೆ ಕಟ್ಟಿ, ಆಮೇಲೆ ಮನುಷ್ಯನಿಗೆ ಕಟ್ಟಿದೆ.

ಅದಕ್ಕೆ ಜಮೀನಿನ ವಿವರಣೆ ಓದುವುದು ಮೊದಲು ಕೈವಶವಾಗಬೇಕು. ಪ್ರೇರಿಯ ನೆಲವನ್ನು ಸರ್ಕಾರ ಚೌಕಗಳಾಗಿ ಅಳೆಯಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್‌ಗಳು, ಒಂದೊಂದು ಸೆಕ್ಷನ್ 640 ಎಕರೆ, ಅದರ ಕಾಲು ಭಾಗ 160 ಎಕರೆ. ಸೆಕ್ಷನ್‌ಗಳ ಎಣಿಕೆ ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಆರರವರೆಗೆ ಹೋಗುತ್ತದೆ, ಕೆಳಗಿನ ಸಾಲಿನಲ್ಲಿ ಏಳರಿಂದ ಪೂರ್ವಕ್ಕೆ ತಿರುಗುತ್ತದೆ. ಹೀಗೆ ಅತ್ತಿತ್ತ ಸಾಗಿ ಆಗ್ನೇಯ ಮೂಲೆಯಲ್ಲಿ 36ಕ್ಕೆ ಮುಗಿಯುತ್ತದೆ. ನೆಬ್ರಾಸ್ಕ ಮತ್ತು ಕನ್ಸಾಸ್‌ಗಳ ಅಳತೆ ಆರನೇ ಪ್ರಧಾನ ಮೆರಿಡಿಯನ್ ಎಂಬ ಉತ್ತರ-ದಕ್ಷಿಣವಾಗಿ ಎಳೆದ ಗೆರೆಯಿಂದ ಶುರು. ಆ ಎರಡು ರಾಜ್ಯಗಳ ನಡುವಿನ ಗಡಿಯೇ, ಅಂದರೆ 40 ಡಿಗ್ರಿ ಉತ್ತರ ಅಕ್ಷಾಂಶವೇ, ಉತ್ತರ-ದಕ್ಷಿಣದ ಲೆಕ್ಕಕ್ಕೆ ಬುನಾದಿ ಗೆರೆ. 'ಟೌನ್‌ಶಿಪ್ 6 ಉತ್ತರ, ರೇಂಜ್ 18 ಪಶ್ಚಿಮ' ಎಂದಿದ್ದರೆ ಅದು ಉತ್ತರಕ್ಕೆ ಆರನೇ, ಪಶ್ಚಿಮಕ್ಕೆ ಹದಿನೆಂಟನೇ ಚೌಕ; ಬುನಾದಿ ಗೆರೆಯಿಂದ 30 ಮೈಲಿ ಉತ್ತರಕ್ಕೆ, ಮೆರಿಡಿಯನ್‌ನಿಂದ 102 ಮೈಲಿ ಪಶ್ಚಿಮಕ್ಕೆ ಶುರುವಾಗುತ್ತದೆ. 'ನೈಋತ್ಯ ಕಾಲಿನ ಉತ್ತರ ಅರ್ಧ' ಎಂದರೆ 80 ಎಕರೆ. ಈ ಲೆಕ್ಕವನ್ನು ಹಕ್ಕುಪತ್ರದಲ್ಲಿರುವ ಎಕರೆಯೊಂದಿಗೆ ತಾಳೆ ನೋಡಿ. ಕೂಡದಿದ್ದರೆ ವಿವರಣೆಯ ಒಂದು ತುಂಡನ್ನು ಓದದೆ ಬಿಟ್ಟಿರುತ್ತೀರಿ. ಟೌನ್‌ಶಿಪ್ಪಿನ ಉತ್ತರ ಮತ್ತು ಪಶ್ಚಿಮ ಅಂಚಿನ ಸೆಕ್ಷನ್‌ಗಳು ಮಾತ್ರ ಇದಕ್ಕೆ ಹೊರತು. ಅಳತೆಯ ಹೆಚ್ಚು ಕಡಿಮೆಯನ್ನೆಲ್ಲ ಅಲ್ಲಿಗೆ ತಳ್ಳಿರುವುದರಿಂದ 'ಲಾಟ್' ಎಂಬ ಹೆಸರಿನಲ್ಲಿ 160ಕ್ಕೆ ಸರಿಯಾಗಿ ಕೂಡದ ತುಂಡುಗಳು ಬರುತ್ತವೆ.

ಕಾನೂನನ್ನೂ ಸ್ವಲ್ಪ ತಿಳಿದಿರಬೇಕು, ಯಾಕೆಂದರೆ ಪ್ರತಿ ಕಾಗದವೂ ಅದರ ಯಾವುದೋ ಒಂದು ಷರತ್ತಿನಿಂದ ಹುಟ್ಟಿದ್ದು. 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ 1863ರ ಜನವರಿ 1ರಿಂದ ಜಾರಿಗೆ ಬಂತು. 21 ತುಂಬಿದವರು ಅಥವಾ ಕುಟುಂಬದ ಯಜಮಾನರು, ಪೌರರು ಅಥವಾ ಪೌರರಾಗುವ ಇರಾದೆ ಪತ್ರ ಕೊಟ್ಟವರು 160 ಎಕರೆ ಹಿಡಿಯಬಹುದಿತ್ತು. ಐದು ವರ್ಷ ಅಲ್ಲೇ ವಾಸ, ಬೇಸಾಯ. ಆಮೇಲೆ ಎರಡು ವರ್ಷದೊಳಗೆ ಷರತ್ತು ನಡೆಸಿದ್ದಕ್ಕೆ ರುಜುವಾತು ಕೊಟ್ಟರೆ ಹಕ್ಕುಪತ್ರ. ಮದುವೆಯಾಗದ ಹೆಣ್ಣುಮಗಳು ತನ್ನ ಹೆಸರಿಗೇ ಜಮೀನು ಹಿಡಿಯಬಹುದಿತ್ತು, ಗಂಡನೊಂದಿಗಿರುವ ಹೆಂಡತಿಗೆ ಆಗುತ್ತಿರಲಿಲ್ಲ. ಆದ್ದರಿಂದ ಮನೆಯ ಹೆಣ್ಣುಮಕ್ಕಳನ್ನು ತವರಿನ ಹೆಸರಿನಲ್ಲಿ ಹುಡುಕುವುದನ್ನು ಬಿಡಬೇಡಿ. ಮದುವೆಗೆ ಮುಂಚೆ ಅಣ್ಣನ ಜಮೀನಿಗೆ ತಾಗಿಕೊಂಡೇ ತಂಗಿ ಒಂದು ಕಾಲು ಸೆಕ್ಷನ್ ಹಿಡಿದಿರುವುದುಂಟು.

ಹುಡುಕಾಟ ಶುರುವಾಗುವುದು ಅಮೆರಿಕ ಸರ್ಕಾರದ ಭೂ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ಜಾಲತಾಣದಲ್ಲಿ. ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಕುಟುಂಬದ ಹೆಸರು ಕೊಟ್ಟರೆ ಹಕ್ಕುಪತ್ರದ ಚಿತ್ರ ಉಚಿತವಾಗಿ ಸಿಗುತ್ತದೆ. ಮೊದಲ ಹೆಸರನ್ನು ಪೂರ್ತಿ ಕೊಡದೆ ಒಂದಕ್ಷರ ಮಾತ್ರ ಕೊಡಿ. ಪರ್, ಪೆಟ್ಟರ್, ಪೀಟರ್ ಮೂರೂ ಒಬ್ಬನೇ ಆಗಿರಬಹುದು. ಹಕ್ಕುಪತ್ರ ನೋಡಲು ಚೆಂದ, ಆದರೆ ಕುಟುಂಬದ ಬಗ್ಗೆ ಅದರಲ್ಲಿ ಹೆಚ್ಚೇನೂ ಇರುವುದಿಲ್ಲ. ಅದರಿಂದ ಬರೆದುಕೊಳ್ಳಬೇಕಾದದ್ದು ಅರ್ಜಿ ಹಾಕಿದ ಲ್ಯಾಂಡ್ ಆಫೀಸಿನ ಹೆಸರು, ರುಜುವಾತಿನ ಮೇಲೆ ಕೊಟ್ಟ ಅಂತಿಮ ಸರ್ಟಿಫಿಕೇಟಿನ ಸಂಖ್ಯೆ, ಜಮೀನಿನ ವಿವರಣೆ ಮತ್ತು ಯಾವ ಕಾಯ್ದೆಯಡಿ ಕೊಟ್ಟದ್ದು ಎಂಬುದು. 1820ರ ಕಾಯ್ದೆಯಡಿ ನಗದು ಮಾರಾಟ ಎಂದು ಕಂಡರೆ ಇದು ಹೋಮ್‌ಸ್ಟೆಡ್ ಅಲ್ಲ ಎಂದು ಕೈಬಿಡಬೇಡಿ. ಐದು ವರ್ಷ ಕಾಯಲಾರದವರು ಆರು ತಿಂಗಳ ವಾಸದ ನಂತರ ಎಕರೆಗೆ 1.25 ಡಾಲರ್ ಕಟ್ಟಿ ಜಮೀನು ಬಿಡಿಸಿಕೊಳ್ಳಬಹುದಿತ್ತು. ಅವರ ಹೋಮ್‌ಸ್ಟೆಡ್ ಕಾಗದಗಳು ನಗದು ಮಾರಾಟದ ಕಡತದಲ್ಲೇ ಸೇರಿರುತ್ತವೆ.

ಹಕ್ಕುಪತ್ರದ ತಾರೀಖನ್ನು ಕುಟುಂಬ ಬಂದ ವರ್ಷವೆಂದು ಬರೆದಿರುವ ವಂಶವೃಕ್ಷಗಳು ಅಂತರ್ಜಾಲದ ತುಂಬ ಇವೆ. 1879ರ ಹಕ್ಕುಪತ್ರವಿದ್ದರೆ ರುಜುವಾತು ಅದಕ್ಕೂ ತಿಂಗಳುಗಳಷ್ಟು ಮುಂಚೆ ಆಗಿರುತ್ತದೆ, ಅರ್ಜಿ ಹಾಕಿದ್ದು ಅದಕ್ಕೂ ಐದರಿಂದ ಏಳು ವರ್ಷ ಹಿಂದೆ. ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದವನಿಗೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ, 1872ರ ಕಾಯ್ದೆ ಅವನ ಸೇವಾ ಅವಧಿಯನ್ನು ಐದು ವರ್ಷದಲ್ಲಿ ಕಳೆಯಲು ಬಿಟ್ಟಿತು. ಇನ್ನೊಂದು ಎಡವು: ಒಂದೇ ಹೆಸರಿನಲ್ಲಿ ಮೂರು ಹಕ್ಕುಪತ್ರ ಕಂಡರೆ ಮೂವರು ಎಂದೇನಿಲ್ಲ. ಹೋಮ್‌ಸ್ಟೆಡ್, ಮೊದಲ ಖರೀದಿ ಹಕ್ಕಿನ ಪ್ರಿಯೆಂಪ್ಷನ್, ಮರ ನೆಡುವ ಷರತ್ತಿನ 1873ರ ಟಿಂಬರ್ ಕಲ್ಚರ್ ಮೂರನ್ನೂ ಒಬ್ಬನೇ ಬಳಸಿ 480 ಎಕರೆ ಮಾಡಿಕೊಳ್ಳಬಹುದಿತ್ತು. ಕೊನೆಯ ಎರಡು ಕಾಯ್ದೆಗಳು 1891ರಲ್ಲಿ ರದ್ದಾದವು.

ನಿಜವಾದ ನಿಧಿ ಇರುವುದು ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಜಮೀನು ಕಡತದಲ್ಲಿ. ನೆಬ್ರಾಸ್ಕದ ಹೋಮ್‌ಸ್ಟೆಡ್ ಕಡತಗಳು ಡಿಜಿಟಲ್ ಆಗಿವೆ, ಫೋಲ್ಡ್3 ಎಂಬ ಜಾಲತಾಣದಲ್ಲಿ ನೋಡಬಹುದು. ಬೇರೆ ರಾಜ್ಯದ್ದಾದರೆ ಮೇಲೆ ಬರೆದುಕೊಂಡ ವಿವರಗಳನ್ನು ಕೊಟ್ಟು ಪ್ರತಿ ತರಿಸಬೇಕಾಗಬಹುದು. ಅರ್ಜಿ, ಶುಲ್ಕದ ರಸೀದಿ, ಪತ್ರಿಕಾ ಪ್ರಕಟಣೆಯ ತುಣುಕು, ಅರ್ಜಿದಾರನ ಹೇಳಿಕೆ, ಇಬ್ಬರು ಸಾಕ್ಷಿಗಳ ಹೇಳಿಕೆ ಎಲ್ಲ ಅದರಲ್ಲಿರುತ್ತವೆ. ಅಚ್ಚಾದ ಫಾರಂ ಬಂದ ಮೇಲಿನ ಹೇಳಿಕೆಗಳಲ್ಲಿ ವಯಸ್ಸು, ಹುಟ್ಟಿದ ದೇಶ, ಹೆಂಡತಿ ಮಕ್ಕಳ ಲೆಕ್ಕ, ಮನೆ ಕಟ್ಟಿದ್ದು ಯಾವಾಗ, ಎಷ್ಟು ಅಡಿಗೆ ಎಷ್ಟು ಅಡಿ, ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳ ಗೋಡೆಯೋ ಹಲಗೆಯದೋ, ಬಾವಿ ಎಷ್ಟು ಆಳ, ಎಷ್ಟು ಎಕರೆ ಬೀಳು ಒಡೆದರು, ಎಷ್ಟು ಬೆಳೆ ತೆಗೆದರು ಎಂಬುದೆಲ್ಲ ಬರುತ್ತದೆ. ಜಮೀನು ಬಿಟ್ಟು ಹೋಗಿದ್ದ ಅವಧಿಗೂ ಕಾರಣ ಕೇಳಿದ್ದಾರೆ. 1874ರಿಂದ 1877ರವರೆಗಿನ ಮಿಡತೆ ಹಾವಳಿಯ ಕಾಲದಲ್ಲಿ ಗೈರುಹಾಜರಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ವಿನಾಯಿತಿ ಕೊಟ್ಟಿತ್ತು, ಆದ್ದರಿಂದ ಆ ವರ್ಷಗಳಲ್ಲಿ ಕುಟುಂಬ ಬೇರೆ ರಾಜ್ಯದಲ್ಲಿ ಕಂಡರೂ ಅದು ನಿಮ್ಮದೇ ಕುಟುಂಬ ಆಗಿರಬಹುದು.

ಕಡತದಲ್ಲಿ ನಾನು ಮೊದಲು ಹುಡುಕುವುದು ಪೌರತ್ವದ ಪ್ರತಿ. ವಲಸಿಗರು ರುಜುವಾತಿನ ಹೊತ್ತಿಗೆ ಪೌರರಾಗಿರಲೇಬೇಕಿತ್ತು, ಹಾಗಾಗಿ ಇರಾದೆ ಪತ್ರವೋ ಪೌರತ್ವ ಪತ್ರವೋ ಸೇರಿರುತ್ತದೆ. ಅದರಲ್ಲಿ ಕೋರ್ಟಿನ ಹೆಸರಿದೆ. 1906ರ ಸೆಪ್ಟೆಂಬರ್‌ವರೆಗೆ ದಾಖಲೆ ಇಡುವ ಯಾವ ಕೋರ್ಟಿನಲ್ಲಾದರೂ ಪೌರತ್ವ ಪಡೆಯಬಹುದಿತ್ತು. ಆ ಕೋರ್ಟು ಇಲಿನಾಯ್‌ನ ಹೆನ್ರಿ ಅಥವಾ ನಾಕ್ಸ್ ಕೌಂಟಿಯದಾಗಿದ್ದರೆ, ಪ್ರೇರಿಗೆ ಬರುವ ಮುಂಚೆ ಕುಟುಂಬ ತಂಗಿದ್ದ ಊರು ಸಿಕ್ಕಿತು. ಮದುವೆ, ಹಿರಿಯ ಮಕ್ಕಳ ಜನನ, ಜೊತೆಗೆ ಬಂದ ಅಣ್ಣತಮ್ಮಂದಿರು ಎಲ್ಲ ಅಲ್ಲಿನ ಚರ್ಚಿನ ಪುಸ್ತಕದಲ್ಲಿ ಇರುವ ಸಂಭವ ಹೆಚ್ಚು.

ಎರಡನೆಯದು ಸಾಕ್ಷಿಗಳು. ರುಜುವಾತಿಗೆ ಮುಂಚೆ ಸ್ಥಳೀಯ ಪತ್ರಿಕೆಯಲ್ಲಿ ನಾಲ್ಕು ಸಾಕ್ಷಿಗಳ ಹೆಸರು ಪ್ರಕಟಿಸಬೇಕಿತ್ತು, ಅವರಲ್ಲಿ ಇಬ್ಬರು ಹೇಳಿಕೆ ಕೊಡುತ್ತಿದ್ದರು. ಇವರು ನೆರೆಯವರು, ಬಹಳ ಸಲ ಭಾವಮೈದುನ, ಷಡ್ಡಕ, ಇಲ್ಲವೇ ಒಂದೇ ಹಡಗಿನಲ್ಲಿ ಬಂದ ಊರಿನವರು. ನಾಲ್ವರ ಜಮೀನನ್ನೂ ಹುಡುಕಿ 36 ಮನೆಯ ಚೌಕದ ಹಾಳೆಯಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಜನಗಣತಿಯ ಪುಟದಲ್ಲಿ ನಮ್ಮ ಕುಟುಂಬದ ಹಿಂದಿನ ಹತ್ತು, ಮುಂದಿನ ಹತ್ತು ಮನೆಗಳನ್ನು ಅದೇ ಹಾಳೆಯ ಮೇಲೆ ಕೂರಿಸುತ್ತೇನೆ. ಇಬ್ಬರು ಪೀಟರ್ ಆಂಡರ್ಸನ್‌ರಲ್ಲಿ ಯಾರ ನೆರೆಹೊರೆ ಈ ಹಾಳೆಗೆ ಹೊಂದುತ್ತದೋ ಅವನೇ ನಮ್ಮವನು. ವಯಸ್ಸಿನಲ್ಲಿ ಎರಡು ಮೂರು ವರ್ಷದ ವ್ಯತ್ಯಾಸ ಬಂದರೂ ನಾನು ನೆರೆಹೊರೆಯನ್ನೇ ನಂಬುತ್ತೇನೆ.

ಹಕ್ಕುಪತ್ರವೇ ಸಿಗದಿದ್ದರೆ ಕುಟುಂಬ ಅಲ್ಲಿರಲಿಲ್ಲ ಎಂದಲ್ಲ. ಎಷ್ಟೋ ಜನ ಐದು ವರ್ಷ ತಾಳದೆ ಅರ್ಜಿ ಬಿಟ್ಟುಕೊಟ್ಟರು. ಅವರ ಗುರುತು ಉಳಿದಿರುವುದು ಒಂದೊಂದು ತುಂಡು ನೆಲಕ್ಕೆ ಬಿದ್ದ ಅರ್ಜಿಗಳನ್ನು ಸರ್ಕಾರ ಬರೆದಿಟ್ಟ ಟ್ರ್ಯಾಕ್ಟ್ ಬುಕ್‌ಗಳಲ್ಲಿ. ಇವು ವಂಶಾವಳಿ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇವನ್ನು ಹೆಸರಿನ ಪ್ರಕಾರವಲ್ಲ, ಸೆಕ್ಷನ್ ಪ್ರಕಾರ ಬರೆದಿದ್ದಾರೆ. ಅಂದಾಜು ಟೌನ್‌ಶಿಪ್ ಹಿಡಿದು ಅದರ ಪುಟಗಳನ್ನೆಲ್ಲ ಸಾಲುಸಾಲಾಗಿ ಓದಬೇಕು. ಹೊಡೆದುಹಾಕಿದ ಸಾಲಿನಲ್ಲಿ ಹೆಸರು, ತಾರೀಖು, ಅರ್ಜಿ ಸಂಖ್ಯೆ ಇರುತ್ತವೆ, ರದ್ದಾದ ಅರ್ಜಿಗೂ ಕಡತ ಉಂಟು. ಬೆಸ ಸಂಖ್ಯೆಯ ಸೆಕ್ಷನ್ ಆಗಿದ್ದರೆ ರೈಲ್ವೆಗೆ ಕೊಟ್ಟ ನೆಲವೇ ಎಂದು ನೋಡಿ. ಯೂನಿಯನ್ ಪೆಸಿಫಿಕ್‌ನಂಥ ಕಂಪನಿಗಳಿಂದ ಕೊಂಡವರಿಗೆ ಸರ್ಕಾರದ ಹಕ್ಕುಪತ್ರವಿಲ್ಲ, ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ ಕ್ರಯಪತ್ರವಿದೆ. 16 ಮತ್ತು 36ನೇ ಸೆಕ್ಷನ್‌ಗಳು ಶಾಲೆಗೆ ಮೀಸಲು. ರೈಲ್ವೆಗೆ ನೆಲ ಕೊಟ್ಟ ಪಟ್ಟೆಯೊಳಗಿನ ಸಮ ಸೆಕ್ಷನ್‌ಗಳಲ್ಲಿ 1879ರವರೆಗೆ ಸಾಮಾನ್ಯ ಅರ್ಜಿದಾರನಿಗೆ ಸಿಗುತ್ತಿದ್ದದ್ದು 80 ಎಕರೆ ಮಾತ್ರ; ಅರ್ಧ ಜಮೀನು ಕಳೆದುಕೊಂಡರೇನೋ ಎಂಬ ಊಹೆ ಬೇಡ.

ಜಮೀನಿನ ಸರಪಳಿಯ ಮೊದಲ ಕೊಂಡಿ 1862 ಅಲ್ಲ ಎಂಬುದನ್ನೂ ನಾನು ಕುಟುಂಬದ ದಾಖಲೆಯಲ್ಲಿ ಬರೆಯುತ್ತೇನೆ. ಪ್ಲಾಟ್ ನದಿಯ ದಕ್ಷಿಣಕ್ಕೆ ಅಲ್ಲಿನ ಮೂಲನಿವಾಸಿಗಳಾದ ಪೌನಿ ಜನರ ನೆಲ 1833ರ ಒಪ್ಪಂದದಿಂದ ಹೋಯಿತು, ಉತ್ತರದ್ದು 1857ರ ಒಪ್ಪಂದದಿಂದ. 1870ರ ದಶಕದಲ್ಲಿ ಅವರನ್ನು ಇಂಡಿಯನ್ ಟೆರಿಟರಿಗೆ (ಇಂದಿನ ಒಕ್ಲಹೋಮ) ಕಳಿಸಿದ ವರ್ಷಗಳಲ್ಲೇ ಈ ಅರ್ಜಿಗಳೂ ಬಿದ್ದಿವೆ. ಇದನ್ನು ಬಿಟ್ಟರೆ ಜಮೀನಿನ ಇತಿಹಾಸ ಅರ್ಧವಾಗುತ್ತದೆ.

ಜನಗಣತಿಯಲ್ಲಿ ದೊಡ್ಡ ತೂತು 1890. ವಾಷಿಂಗ್ಟನ್ನಿನಲ್ಲಿ 1921ರ ಜನವರಿಯಲ್ಲಿ ಬಿದ್ದ ಬೆಂಕಿಯಿಂದಾಗಿ ಅದರ ಹಾಳೆಗಳು ಹೆಚ್ಚೂಕಡಿಮೆ ಎಲ್ಲ ಹೋದವು. ನೆಬ್ರಾಸ್ಕದವರ ಅದೃಷ್ಟಕ್ಕೆ 1885ರ ಗಣತಿ ಉಳಿದಿದೆ, ಕೃಷಿ ಪಟ್ಟಿಯ ಸಮೇತ. 1900ರದು ಎಲ್ಲಕ್ಕಿಂತ ಉಪಯುಕ್ತ: ಹುಟ್ಟಿದ ತಿಂಗಳು ವರ್ಷ, ಮದುವೆಯಾಗಿ ಎಷ್ಟು ವರ್ಷ, ವಲಸೆ ಬಂದ ವರ್ಷ, ತಾಯಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದಿದ್ದಾರೆ. ಒಂಬತ್ತು ಹುಟ್ಟಿ ಆರು ಉಳಿದಿವೆ ಎಂದಿದ್ದರೆ ಮೂರು ಮಕ್ಕಳಿಗಾಗಿ ಚರ್ಚಿನ ಪುಸ್ತಕ, ಸ್ಮಶಾನ, ಗಣತಿಯ ಜೊತೆಗೇ ಮಾಡಿದ 1880ರ ಮರಣ ಪಟ್ಟಿ ಹುಡುಕಬೇಕು. ರಾಜ್ಯದ ಜನನ ಮರಣ ನೋಂದಣಿ ನೆಬ್ರಾಸ್ಕದಲ್ಲಿ ಶುರುವಾದದ್ದೇ 1904ರಲ್ಲಿ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿ ಇತ್ತು, ಹಾಗಾಗಿ ಒಂದೇ ಹೆಸರಿನ ಎರಡು ಜನನಗಳು ಕಂಡರೆ ಎರಡನ್ನೂ ಉಳಿಸಿಕೊಳ್ಳಿ. ವಯಸ್ಸು ಗಣತಿಯ ದಿನಕ್ಕೆ ಲೆಕ್ಕ: 1900ರಲ್ಲಿ ಜೂನ್ 1, 1910ರಲ್ಲಿ ಏಪ್ರಿಲ್ 15, 1920ರಲ್ಲಿ ಜನವರಿ 1. ಇದನ್ನು ಮರೆತರೆ ಒಂದೊಂದು ವರ್ಷ ತಪ್ಪುತ್ತದೆ.

ಕಡಲಾಚೆಗೆ ಹೋಗಲು ದೇಶದ ಹೆಸರು ಸಾಲದು, ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆ, ಗೊತ್ತಾಗಬೇಕು. ಅದು ಸಿಗುವುದು ಅಮೆರಿಕದ ಸ್ವೀಡಿಷ್ ಲೂಥರನ್ ಚರ್ಚಿನ ಸದಸ್ಯರ ಪುಸ್ತಕದಲ್ಲಿ. ಅಗಸ್ಟಾನಾ ಸಿನೋಡ್ ಎಂಬ ಅವರ ಒಕ್ಕೂಟದ ಚರ್ಚುಗಳ ಪುಸ್ತಕಗಳ ಮೈಕ್ರೋಫಿಲ್ಮ್ ಸಂಗ್ರಹ ಇಲಿನಾಯ್‌ನ ರಾಕ್ ಐಲೆಂಡಿನ ಸ್ವೆನ್ಸನ್ ಸೆಂಟರಿನಲ್ಲಿದೆ. ಹುಟ್ಟಿದ ದಿನ ಮತ್ತು ಪ್ಯಾರಿಷ್ ಕೈಗೆ ಬಂದರೆ ಸ್ವೀಡನ್ನಿನ ರಾಷ್ಟ್ರೀಯ ದಫ್ತರಖಾನೆ ರಿಕ್ಸಾರ್ಕಿವೆಟ್‌ನ ಚಿತ್ರಗಳು ಉಚಿತ. ಅಲ್ಲಿ ಕುಟುಂಬದ ಹೆಸರಿಗೆ ಬೆಲೆಯಿಲ್ಲ. ಆಂಡರ್ಸ್‌ನ ಮಗ ಆಂಡರ್ಸನ್, ಮಗಳು ಆಂಡರ್ಸ್‌ಡಾಟರ್. ಅವಳು ಮದುವೆಯಾದ ಮೇಲೂ ಹಾಗೇ. ಹೆಸರು ಮಗ್ಗುಲು ಬದಲಿಸಿದರೂ ಹುಟ್ಟಿದ ದಿನ ಅಲುಗದು. ಜನನ ಪುಸ್ತಕದಲ್ಲಿ ತಂದೆ ತಾಯಿ ಮತ್ತು ತೋಟದ ಹೆಸರು ನೋಡಿ, ಆ ತೋಟದ ಪುಟವನ್ನು ಮನೆವಾರು ಪುಸ್ತಕದಲ್ಲಿ ತೆರೆಯಬೇಕು. ಅದರಲ್ಲಿ ಮನೆಮಂದಿಯೆಲ್ಲರ ಹುಟ್ಟಿದ ದಿನಗಳೂ ಬಿಟ್ಟುಹೋದ ವರ್ಷವೂ ಒಂದೇ ಕಡೆ ಸಿಗುತ್ತವೆ. ತಾರೀಖಿನಲ್ಲಿ ಎಚ್ಚರ: ಸ್ವೀಡಿಷ್ ಪಾದ್ರಿ ಬರೆದ 5/7 ನಮ್ಮಂತೆಯೇ ಜುಲೈ 5. ಅಮೆರಿಕದವರು ನಕಲು ಮಾಡುವಾಗ ಅದನ್ನು ಮೇ 7 ಎಂದು ಓದಿಬಿಟ್ಟಿರುತ್ತಾರೆ. ಎರಡು ಕಡೆಯ ದಿನಗಳು ಕೂಡದಿದ್ದಾಗ ನಾನು ಮೊದಲು ಇದನ್ನೇ ಪರೀಕ್ಷಿಸುತ್ತೇನೆ. ನ್ಯೂಯಾರ್ಕಿನ ವಲಸೆ ತಪಾಸಣಾ ಕೇಂದ್ರ ಎಲ್ಲಿಸ್ ಐಲೆಂಡಿನ ಗುಮಾಸ್ತ ಹೆಸರು ಬದಲಿಸಿದ ಎಂಬ ಕಥೆ ಪ್ರತಿ ಮನೆಯಲ್ಲೂ ಇದೆ. ಅಲ್ಲಿನವರು ಹಡಗಿನವರು ಕೊಟ್ಟ ಪಟ್ಟಿ ಹಿಡಿದು ಕರೆಯುತ್ತಿದ್ದರು ಅಷ್ಟೇ. ಅಲ್ಲದೆ ಆ ಕೇಂದ್ರ ತೆರೆದದ್ದು 1892ರಲ್ಲಿ, ಈ ಕುಟುಂಬಗಳು ನೇಗಿಲು ಹೂಡಿ ಎಷ್ಟೋ ವರ್ಷದ ಮೇಲೆ.

ಕೆಳಗಿನ ತಲೆಮಾರುಗಳಿಗೆ ಮತ್ತೆ ಕೌಂಟಿ ಕಚೇರಿಯೇ ಗತಿ. ಯಜಮಾನ ತೀರಿಕೊಂಡ ಮೇಲೆ ಜಮೀನು ಒಬ್ಬ ಮಗನಿಗೆ ಹೋಗಬೇಕಾದರೆ ಉಳಿದವರೆಲ್ಲ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಆ ಪತ್ರದಲ್ಲಿ ಮದುವೆಯಾದ ಹೆಣ್ಣುಮಕ್ಕಳು ಗಂಡಂದಿರ ಹೆಸರಿನ ಸಮೇತ, ಆಗ ವಾಸವಿದ್ದ ಕೌಂಟಿಯ ಸಮೇತ ಸಾಲಾಗಿ ಬರುತ್ತಾರೆ. ಹಳೆಯ ಕ್ರಯಪತ್ರಗಳಲ್ಲಿ ಹೆಂಡತಿಯ ಸಹಿಯನ್ನೂ ಗಮನಿಸಿ. ಒಂದರಲ್ಲಿ ಕ್ರಿಸ್ಟೀನಾ, ಹತ್ತು ವರ್ಷದ ಮೇಲೆ ಹೆಡ್ವಿಗ್ ಎಂದಿದ್ದರೆ ನಡುವೆ ಒಂದು ಸಾವು, ಒಂದು ಮದುವೆ ಹುಡುಕಬೇಕು. ಕೌಂಟಿಯ ಗಡಿ ಬದಲಾಗಿದೆಯೇ ಎಂದು ಚಿಕಾಗೋದ ನ್ಯೂಬೆರಿ ಗ್ರಂಥಾಲಯದ ಗಡಿ ನಕ್ಷೆಗಳಲ್ಲಿ ನೋಡಿಕೊಂಡೇ ಕಚೇರಿಗೆ ಬರೆಯಿರಿ.

ನನ್ನ ಕೋಷ್ಟಕದಲ್ಲಿ ಪ್ರತಿ ವ್ಯಕ್ತಿಯ ಮುಂದೆ ಹುಟ್ಟಿದ ದಿನ, ಪ್ಯಾರಿಷ್, ಜಮೀನಿನ ವಿವರಣೆ, ಕಡತ ಸಂಖ್ಯೆ ಎಂಬ ನಾಲ್ಕು ಕಾಲಂಗಳಿವೆ. ಇವುಗಳಲ್ಲಿ ಎರಡಾದರೂ ತಾಳೆಯಾಗದೆ ಯಾರನ್ನೂ ಮರಕ್ಕೆ ಸೇರಿಸುವುದಿಲ್ಲ. ಉಳಿದವರು ಅದೇ ಟೌನ್‌ಶಿಪ್ಪಿನ ಹಾಳೆಯಲ್ಲಿ, ತಮ್ಮ ಸೆಕ್ಷನ್ನಿನ ಮನೆಯಲ್ಲಿ, ಪೆನ್ಸಿಲ್ಲಿನಲ್ಲಿ ಬರೆದ ಹೆಸರಾಗಿ ಇರುತ್ತಾರೆ. ಬದುಕಿರುವವರ ವಿವರವನ್ನು ಹೊರಗೆ ಹಂಚುವ ಪ್ರತಿಯಿಂದ ತೆಗೆದಿಡುತ್ತೇನೆ.