ಹಳೆಯ ಬೆಲೆಗಳ ಪುಸ್ತಕದಲ್ಲಿ ಎಳೆದ ಗೆರೆ

ಕೆನಡಾದ ಇನ್‌ಕಮ್ ಟ್ರಸ್ಟ್‌ಗಳಲ್ಲಿ ನಾನು ಹಣ ತೊಡಗಿಸಲು ಆರಂಭಿಸಿದ್ದು 2003ರಲ್ಲಿ. ಷೇರುಪೇಟೆಯಲ್ಲಿ ಯೂನಿಟ್ ಎಂಬ ಪಾಲುಗಳಾಗಿ ಮಾರಾಟವಾಗುವ, ಗಳಿಕೆಯನ್ನು ಹಂಚುವ ಸಂಸ್ಥೆಗಳು ಅವು. ಟ್ರಸ್ಟ್‌ನ ಮಟ್ಟದಲ್ಲಿ ತೆರಿಗೆ ಬಹುತೇಕ ಇರಲಿಲ್ಲ. ಗಳಿಕೆಯ ದೊಡ್ಡ ಪಾಲು, ಹೆಚ್ಚಿನ ಟ್ರಸ್ಟ್‌ಗಳಲ್ಲಿ ತಿಂಗಳು ತಿಂಗಳೂ, ಯೂನಿಟ್ ಹೊಂದಿದವರ ಕೈಸೇರುತ್ತಿತ್ತು. ಏನನ್ನು ಕೊಳ್ಳಬೇಕೆಂಬುದು ನನಗೆ ಗೊತ್ತಿತ್ತು, ಯಾವಾಗ ಕೊಳ್ಳಬೇಕೆಂಬುದು ಗೊತ್ತಿರಲಿಲ್ಲ. ಅದಕ್ಕಾಗಿ ಒಂದು ಲೆಕ್ಕದ ಪುಸ್ತಕ ಇಟ್ಟೆ. ಟ್ರಸ್ಟ್‌ಗೊಂದು ಪುಟ, ಪ್ರತಿ ವರ್ಷದ ಗರಿಷ್ಠ ಮತ್ತು ಕನಿಷ್ಠ ಬೆಲೆ.

ನೈಸರ್ಗಿಕ ಅನಿಲದ ಒಂದು ಟ್ರಸ್ಟ್ ಮೂರು ವರ್ಷ 14ರಿಂದ 20 ಡಾಲರ್‌ಗಳ ನಡುವೆ ಓಡಾಡಿತ್ತು. ಈ ಅಂತರವನ್ನು ಮೂರು ಪಾಲು ಮಾಡಿ, ಕೆಳಗಿನ ಪಾಲಿಗೆ, ಅಂದರೆ 16ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಕೊಳ್ಳುತ್ತಿದ್ದೆ. ತಿಂಗಳಿಗೆ 12 ಸೆಂಟ್ ವಿತರಣೆ, ವರ್ಷಕ್ಕೆ 1.44 ಡಾಲರ್. 20 ಡಾಲರ್ ಕೊಟ್ಟವರಿಗೆ ಸಿಗುವುದು ಶೇ 7.2, ಕಾದು 15ಕ್ಕೆ ಕೊಂಡವರಿಗೆ ಶೇ 9.6. ಕಾಯುವುದಕ್ಕೆ ಅಷ್ಟು ಬೆಲೆಯಿತ್ತು. ವಿತರಣೆಯ ಅರ್ಹತೆಯ ದಿನ, ಅಂದರೆ ಆ ತಿಂಗಳ ಹಣ ಸಿಗಲು ಯೂನಿಟ್ ಕೊಂಡಿರಬೇಕಾದ ಗಡುವು, ಕಳೆದ ಮೇಲೆ ಕೊಂಡರೆ ಅಗ್ಗವೆಂದು ಕೆಲವು ಕಾಲ ನಂಬಿದ್ದೆ. ಆಗ ಬೆಲೆ ಇಳಿಯುವುದು ಹೆಚ್ಚುಕಡಿಮೆ ಕೈತಪ್ಪಿದ ವಿತರಣೆಯಷ್ಟೇ ಆದ್ದರಿಂದ ಆ ಲೆಕ್ಕ ಬಿಟ್ಟುಬಿಟ್ಟೆ.

2006ರ ಅಕ್ಟೋಬರ್ 31ರ ಸಂಜೆ ಹಣಕಾಸು ಸಚಿವ ಜಿಮ್ ಫ್ಲಾಹರ್ಟಿ ಟ್ರಸ್ಟ್‌ಗಳ ವಿತರಣೆಗೂ ತೆರಿಗೆ ಹಾಕುವುದಾಗಿ ಘೋಷಿಸಿದರು. ಹಳೆಯ ಟ್ರಸ್ಟ್‌ಗಳಿಗೆ ಅದು 2011ರಿಂದ ಅನ್ವಯ. ತೆರಿಗೆ ಹಾಕುವುದಿಲ್ಲವೆಂದು ಅದೇ ವರ್ಷದ ಚುನಾವಣೆಯಲ್ಲಿ ಅವರ ಪಕ್ಷ ಮಾತು ಕೊಟ್ಟಿತ್ತು. ಮರುದಿನ ನನ್ನ ಟ್ರಸ್ಟ್ 13.40ಕ್ಕೆ ಕುಸಿಯಿತು. ಪುಸ್ತಕ ತೆರೆದೆ. ಮೂರು ವರ್ಷಗಳಲ್ಲಿ ಕಾಣದ ಬೆಲೆ! 300 ಯೂನಿಟ್ ಕೊಂಡೆ.

ಅದು ನಾನು ಮಾಡಿದ ದೊಡ್ಡ ತಪ್ಪು. 14 ಮತ್ತು 20 ಎಂಬ ಅಂಕಿಗಳು ತೆರಿಗೆಯಿಲ್ಲದ ಕಾಲದಲ್ಲಿ ಹುಟ್ಟಿದವು. ಆ ಕಾಲವೇ ಮುಗಿಯಲಿದೆ ಎಂದ ಮೇಲೆ 13.40 ಅಗ್ಗವೋ ದುಬಾರಿಯೋ ಹೇಳುವ ಶಕ್ತಿ ಅವಕ್ಕೆ ಉಳಿದಿರಲಿಲ್ಲ. ಇನ್ನೊಂದನ್ನೂ ಆಗ ಗಮನಿಸಿದೆ. ಅನಿಲದ ಬಾವಿ ವರ್ಷ ವರ್ಷ ಬರಿದಾಗುತ್ತದೆ. ಕೈಗೆ ಬರುವ 12 ಸೆಂಟ್‌ನಲ್ಲಿ ಒಂದು ಪಾಲು ನಮ್ಮದೇ ಬಂಡವಾಳ. ಅಂಥ ಟ್ರಸ್ಟ್‌ನ ಬೆಲೆ ಹಳೆಯ ತಳಕ್ಕೆ ಬಂದು ಮತ್ತೆ ಮೇಲೇಳಲೇಬೇಕೆಂಬ ನಿಯಮವಿಲ್ಲ. ನನ್ನದು ಏಳಲಿಲ್ಲ. ವಿತರಣೆ 8 ಸೆಂಟ್‌ಗೆ ಇಳಿದಾಗ ನಷ್ಟಕ್ಕೇ ಮಾರಿದೆ.

ಪುಸ್ತಕವನ್ನು ಎಸೆಯಲಿಲ್ಲ, ಬರೆಯುವ ಕ್ರಮ ಬದಲಿಸಿದೆ. ಕಾನೂನು ಬದಲಾದರೆ ಅಥವಾ ವಿತರಣೆ ಕಡಿತವಾದರೆ ಆ ದಿನಾಂಕದ ಕೆಳಗೆ ಅಡ್ಡಗೆರೆ. ಗೆರೆಗಿಂತ ಮೇಲಿರುವ ಹಳೆಯ ಬೆಲೆಗಳನ್ನು ನೋಡುವಂತಿಲ್ಲ. ಬೆಲೆಯ ಪಕ್ಕದಲ್ಲಿ ಇಳುವರಿ (ವರ್ಷದ ವಿತರಣೆ ಬೆಲೆಯ ಶೇಕಡಾ ಎಷ್ಟು ಎಂಬುದು), ಅದರ ಪಕ್ಕದಲ್ಲಿ ಸರ್ಕಾರದ 10 ವರ್ಷದ ಬಾಂಡ್‌ಗಿಂತ ಅದು ಎಷ್ಟು ಹೆಚ್ಚು ಎಂಬ ಅಂಕಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮೂರನೆಯ ಅಂಕಿ, ಏಕೆಂದರೆ ಬಡ್ಡಿದರ ಏರಿಳಿದಾಗ ಬೆಲೆಯ ಅಂತರ ದಾರಿ ತಪ್ಪಿಸುತ್ತದೆ.

2008ರ ಕೊನೆಯಲ್ಲಿ ಈ ಕ್ರಮ ಪರೀಕ್ಷೆಗೆ ಬಂತು. ಬಾಡಿಗೆ ಕಟ್ಟಡಗಳ ಒಂದು ಟ್ರಸ್ಟ್, ಹೊಸ ತೆರಿಗೆಯಿಂದ ವಿನಾಯಿತಿ ಪಡೆದ ಬಗೆಯದು, ವರ್ಷಕ್ಕೆ 1.20 ಡಾಲರ್ ಕೊಡುತ್ತಿತ್ತು. ಬಾಂಡ್‌ಗಿಂತ 2ರಿಂದ 4 ಶೇಕಡಾ ಅಂಶ ಹೆಚ್ಚಿರುತ್ತಿದ್ದ ಅದರ ಇಳುವರಿ ಈಗ ಬಾಂಡ್‌ಗಿಂತ 8 ಅಂಶದಷ್ಟು ಹೆಚ್ಚಾಗಿತ್ತು. ಕೊಳ್ಳುವ ಮುನ್ನ ಎರಡು ವಿಷಯ ನೋಡಿದೆ: ಬಾಡಿಗೆಯಿಂದ ಉಳಿಯುವ ಹಣದಲ್ಲಿ ಎಷ್ಟು ಪಾಲು ಹಂಚುತ್ತಾರೆ, ಕಟ್ಟಡಗಳ ಮೇಲಿನ ಸಾಲ ಯಾವ ವರ್ಷ ತೀರಿಸಬೇಕು. ಮುಂದಿನ ಎರಡು ವರ್ಷಗಳಲ್ಲಿ ದೊಡ್ಡ ಸಾಲ ಯಾವುದೂ ಇರಲಿಲ್ಲ. ಆದರೂ ಹಣವನ್ನು ಮೂರು ಭಾಗ ಮಾಡಿದೆ. ಡಿಸೆಂಬರ್‌ನಲ್ಲಿ 11 ಡಾಲರ್, ಜನವರಿಯಲ್ಲಿ 10.40, ಮಾರ್ಚ್‌ನಲ್ಲಿ 8.90. ಒಮ್ಮೆಗೇ ಕೊಂಡಿದ್ದರೆ ಮಾರ್ಚ್‌ನ ಬೆಲೆ ನೋಡಿ ಧೈರ್ಯ ಉಳಿಯುತ್ತಿರಲಿಲ್ಲ.

2011ರ ಹೊತ್ತಿಗೆ ಹೆಚ್ಚಿನ ಟ್ರಸ್ಟ್‌ಗಳು ಸಾಮಾನ್ಯ ಕಂಪನಿಗಳಾಗಿ ಬದಲಾದವು. ಅವುಗಳ ಪುಟಗಳು ಅಲ್ಲಿಗೇ ನಿಂತಿವೆ. ಕಟ್ಟಡಗಳ ಟ್ರಸ್ಟ್‌ನ ಪುಟ ಇನ್ನೂ ನಡೆಯುತ್ತಿದೆ. ಅದರಲ್ಲಿರುವುದು ಒಂದೇ ಗೆರೆ, 2020ರಲ್ಲಿ ವಿತರಣೆ ಕಡಿತವಾದ ದಿನ ಎಳೆದದ್ದು.