ಕ್ಯಾಲೇಡಿಯಂ ಎಲೆ ಒಣಗಿದರೆ ಕುಂಡ ಎಸೆಯಬೇಡಿ

ನವೆಂಬರ್ ಕೊನೆಯ ಹೊತ್ತಿಗೆ ಬಣ್ಣದ ಎಲೆಗೆಂದೇ ಬೆಳೆಸುವ ನಿಮ್ಮ ಕ್ಯಾಲೇಡಿಯಂ ಗಿಡದ ಎಲೆ ಹಳದಿಯಾಗಿ, ದಂಟು ಬಾಗಿ, ಕುಂಡದ ಅಂಚಿಗೆ ಜೋತುಬಿದ್ದಿದ್ದರೆ ಮೊದಲು ಒಂದು ಕೆಲಸ ಮಾಡಿ. ಕೈಲಿರುವ ನೀರಿನ ಚೊಂಬು ಕೆಳಗಿಡಿ.

ನಾನು ಇಡಲಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾಲ್ಕನೇ ಮಹಡಿ ನಮ್ಮದು, ಬಾಲ್ಕನಿ ಅಂದರೆ ಗ್ರಿಲ್ ಹಾಕಿದ ಮೂರಡಿ ಜಾಗ. ಮೊದಲ ವರ್ಷ ಎರಡು ಕುಂಡ ತಂದಿದ್ದೆ, ಒಂದು ಗುಲಾಬಿ ಬಣ್ಣದ ಎಲೆಯದು, ಒಂದು ಬಿಳಿಯದು. ಡಿಸೆಂಬರ್‌ಗೆ ಎರಡೂ ಬೋಳು. ಬಿಳಿಯದರ ಮೇಲೆ ನನಗೆ ಪ್ರೀತಿ ಜಾಸ್ತಿ, ಹಾಗಾಗಿ ಅದಕ್ಕೆ ದಿನಾ ನೀರು ಹಾಕಿದೆ, ಗೊಬ್ಬರ ಹಾಕಿದೆ, ಬಿಸಿಲಿಗೆ ಸರಿಸಿದೆ. ಗುಲಾಬಿಯದು ಹೋಯ್ತು ಅಂತ ಅದರ ಮಣ್ಣನ್ನು ಹಳೇ ಅಕ್ಕಿ ಚೀಲಕ್ಕೆ ಸುರಿದು ಮೂಲೆಗೆ ತಳ್ಳಿದೆ. ಫೆಬ್ರವರಿಯಲ್ಲಿ ಬಿಳಿಯದರ ಮಣ್ಣು ಕೆದಕಿದರೆ ಬೆರಳಿಗೆ ಸಿಕ್ಕಿದ್ದು ಕೊಳೆತ ಆಲೂಗಡ್ಡೆಯಂಥ ಮುದ್ದೆ, ಆ ವಾಸನೆ ಬೇಡ ಬಿಡಿ. ಇತ್ತ ಜೂನ್‌ನಲ್ಲಿ ಮಳೆ ಶುರುವಾಗಿ ಎರಚಲು ಒಳಗೆ ಬೀಳತೊಡಗಿದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಅಕ್ಕಿ ಚೀಲದ ಬಾಯಲ್ಲಿ ಪೆನ್ಸಿಲಿನಷ್ಟು ತೆಳ್ಳಗಿನ ಒಂದು ಸುರುಳಿ ಎದ್ದು ನಿಂತಿತ್ತು, ತುದಿಯಲ್ಲಿ ಗುಲಾಬಿ ಬಣ್ಣ ಇಣುಕುತ್ತಿತ್ತು. ಆರೈಕೆ ಮಾಡಿದ್ದು ಕೊಳೆಯಿತು, ಮರೆತದ್ದು ಬದುಕಿತು.

ಕಾರಣ ಸರಳ. ಕ್ಯಾಲೇಡಿಯಂ ಗೆಡ್ಡೆಯ ಗಿಡ, ಕೆಸು ಮತ್ತು ಸುವರ್ಣಗೆಡ್ಡೆಯ ಕುಟುಂಬದ್ದೇ. ಮೂಲ ಊರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಸಿ ನಾಡುಗಳು. ಬೆಚ್ಚಗೆ ತೇವ ಇರುವಷ್ಟು ದಿನ ಎಲೆ ಬಿಡುತ್ತದೆ, ಆಮೇಲೆ ಎಲೆ ಉದುರಿಸಿ ಗೆಡ್ಡೆಯೊಳಗೆ ಮಲಗುತ್ತದೆ. ಮಲಗಿದ ಗೆಡ್ಡೆಗೆ ಬೇರಿನ ಕೆಲಸ ಇರುವುದಿಲ್ಲ, ನೀರು ಹಾಕಿದರೆ ಕುಡಿಯುವವರಿಲ್ಲ, ಕೊಳೆಯುತ್ತದೆ ಅಷ್ಟೇ. ನಮ್ಮ ಮುಂಬೈ ಹವೆ ಇದಕ್ಕೆ ಹೇಳಿಮಾಡಿಸಿದ ಹಾಗಿದೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ 2,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಆಮೇಲೆ ತಿಂಗಳುಗಟ್ಟಲೆ ಒಣ.

ಈಗ ಶುರುವಿನಿಂದ ಹೇಳುತ್ತೇನೆ. ನೆಡುವುದಕ್ಕೆ ಒಳ್ಳೇ ಕಾಲ ಏಪ್ರಿಲ್ ಮಧ್ಯದಿಂದ ಮೇ. ಗೆಡ್ಡೆ ಕೈಲಿ ಹಿಡಿದು ಒತ್ತಿ ನೋಡಿ, ಶುಂಠಿಯ ಹಾಗೆ ಗಟ್ಟಿ ಇರಬೇಕು, ಮೆತ್ತಗಿದ್ದರೆ ಬೇಡ. ಉಬ್ಬು ಉಬ್ಬಾಗಿ ಕಣ್ಣು, ಅಂದರೆ ಮೊಳಕೆ ಬರುವ ಜಾಗ, ಕಾಣುವ ಕಡೆ ಮೇಲಕ್ಕೆ ಬರಲಿ. ಯಾವುದು ಮೇಲೆ ಯಾವುದು ಕೆಳಗೆ ಗೊತ್ತಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅಡ್ಡ ಮಲಗಿಸಿ ನೆಟ್ಟರೂ ಬರುತ್ತದೆ, ಸ್ವಲ್ಪ ತಡ ಆಗಬಹುದು. ಎರಡು ಇಂಚು ಆಳ ಸಾಕು. ಆರರಿಂದ ಎಂಟು ಇಂಚಿನ ಕುಂಡ, ತಳದಲ್ಲಿ ತೂತು ಇರಲೇಬೇಕು.

ಮಣ್ಣಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಇಲ್ಲಿನ ನರ್ಸರಿಗಳಲ್ಲಿ ಲಾಲ್ ಮಿಟ್ಟಿ ಅಂತ ಚೀಲದಲ್ಲಿ ಕೊಡುವ ಕೆಂಪು ಮಣ್ಣನ್ನು ಒಂದೇ ತುಂಬಿದರೆ ಎರಡು ಮಳೆಗೆ ಇಟ್ಟಿಗೆ ಆಗುತ್ತದೆ. ಅದು ಒಂದು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ಮೇಲೆ ಒಂದೆರಡು ಹಿಡಿ ದಪ್ಪ ಮರಳು ಅಥವಾ ಪರ್ಲೈಟ್ ಅನ್ನುವ ಹಗುರ ಬಿಳಿ ಕಾಳು ಸೇರಿಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಕಟ್ಟದೆ ಉದುರಬೇಕು.

ನೆಟ್ಟ ದಿನ ಒಮ್ಮೆ ನೀರು. ಆಮೇಲೆ ಮೊಳಕೆ ಕಾಣುವ ತನಕ ಮಣ್ಣು ಬರೀ ಹಸಿ ಹಸಿ ಇದ್ದರೆ ಸಾಕು. ಮೂರು ವಾರ ಹಿಡಿಯುತ್ತದೆ, ಕೆಲವು ಐದಾರು ವಾರ ಸತಾಯಿಸುತ್ತವೆ. ಆಗ ಕೆದಕಿ ನೋಡುವ ಆಸೆ ಆಗುತ್ತದೆ ಅಲ್ವಾ, ನೋಡಬೇಡಿ, ಎಳೆ ಮೊಳಕೆ ಮುರಿಯುತ್ತದೆ.

ಜಾಗ ಎಲ್ಲಿ ಅನ್ನೋದರಲ್ಲಿ ಗಿಡದ ಅರ್ಧ ಬಣ್ಣ ಇದೆ. ಕಿಟಕಿಯ ಪಕ್ಕ ಒಳ್ಳೇ ಬೆಳಕು, ಬೆಳಿಗ್ಗೆಯ ಎಳೆ ಬಿಸಿಲು ಒಂದೆರಡು ಗಂಟೆ ಸಿಕ್ಕರೆ ಇನ್ನೂ ಚೆಂದ. ಮಧ್ಯಾಹ್ನದ ಬಿಸಿಲು ಬಿದ್ದರೆ ಬಿಳಿ ಎಲೆಯಲ್ಲಿ ಹಪ್ಪಳ ಸುಟ್ಟ ಹಾಗೆ ಕಂದು ಕಲೆ ಬೀಳುತ್ತದೆ. ಬೆಳಕು ಕಮ್ಮಿಯಾದರೆ ದಂಟು ಉದ್ದ ಉದ್ದ ಬೆಳೆದು ಗಿಡ ಅಡ್ಡ ಬೀಳುತ್ತದೆ, ಬಣ್ಣವೂ ಮಂಕು. ಹೃದಯದ ಆಕಾರದ ಅಗಲ ಎಲೆಯವಕ್ಕೆ ನೆರಳು ಇಷ್ಟ, ಉದ್ದ ಕಿರಿದಾದ ಎಲೆಯ ಜಾತಿ ಬಿಸಿಲನ್ನು ಸ್ವಲ್ಪ ಜಾಸ್ತಿ ತಡೆಯುತ್ತದೆ. ಎಸಿ ಗಾಳಿ ನೇರ ಬಡಿಯುವ ಕಡೆ ಮಾತ್ರ ಯಾವುದನ್ನೂ ಇಡಬೇಡಿ.

ಮಳೆಗಾಲದಲ್ಲಿ ಇದನ್ನು ಗ್ರಿಲ್ ಮೇಲೆ ತೆರೆದಿಟ್ಟರೆ ಚೆನ್ನಾಗಿ ಬೆಳೆಯುತ್ತದೆ ಅಂತ ನಾನೂ ನಂಬಿದ್ದೆ. ಜುಲೈನ ಒಂದು ರಾತ್ರಿ ಗಾಳಿಗೆ ಎಲೆಗಳೆಲ್ಲ ಚಿಂದಿ. ಅದೂ ಅಲ್ಲದೆ ಕುಂಡದ ಕೆಂಪು ನೀರು ಕೆಳಮನೆ ಕಾಕುವಿನ (ಮರಾಠಿಯಲ್ಲಿ ಚಿಕ್ಕಮ್ಮ) ಒಣಹಾಕಿದ ಸೀರೆ ಮೇಲೆ ಸುರಿದು ಬೆಳಿಗ್ಗೆಯೇ ಮಂಗಳಾರತಿ ಆಯಿತು. ಈಗ ಗ್ರಿಲ್‌ನಿಂದ ಎರಡಡಿ ಒಳಗೆ ಇಡುತ್ತೇನೆ, ಕೆಳಗೆ ತಟ್ಟೆ ಇಟ್ಟು ತುಂಬಿದ ನೀರು ಚೆಲ್ಲುತ್ತೇನೆ. ಆ ತಿಂಗಳುಗಳಲ್ಲಿ ಗಾಳಿಯಲ್ಲೇ ಇಷ್ಟು ತೇವ ಇರುತ್ತದೆ, ಬೆರಳು ಒಂದು ಇಂಚು ಮಣ್ಣೊಳಗೆ ಇಳಿಸಿ ಒಣಗಿದ್ದರೆ ಮಾತ್ರ ನೀರು ಕೊಡಿ. ಅಕ್ಟೋಬರ್ ಸೆಖೆಯಲ್ಲಿ ಉಲ್ಟಾ, ಎಲೆ ಇರುವ ತನಕ ಮಣ್ಣು ಪೂರ್ತಿ ಒಣಗಲು ಬಿಡಬೇಡಿ.

ಗೊಬ್ಬರಕ್ಕೆ ತಿಂಗಳಿಗೆ ಒಂದು ಹಿಡಿ ಎರೆಗೊಬ್ಬರ ಸಾಕು. ಸಾರಜನಕ ಜಾಸ್ತಿಯಾದರೆ ಎಲೆ ಹಸಿರಾಗುತ್ತಾ ಹೋಗಿ ನೀವು ದುಡ್ಡು ಕೊಟ್ಟ ಗುಲಾಬಿ ಕಮ್ಮಿಯಾಗುತ್ತದೆ. ನಡುನಡುವೆ ಕೆಸುವಿನ ಹೂವಿನ ತರಹದ್ದೊಂದು ಮೊಗ್ಗು ಬಂದರೆ ಬುಡದಲ್ಲೇ ಕತ್ತರಿಸಿ, ಆ ಶಕ್ತಿ ಎಲೆಗೆ ಹೋಗಲಿ. ದಂಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ಮೊದಲು ಒಂದೇ ಎಲೆಗೆ ಹಾಕಿ ನೋಡಿ.

ಇದನ್ನು ಹೇಳಲೇಬೇಕು. ಆಗಸ್ಟ್‌ನಲ್ಲಿ ಉಡುಪಿಯಿಂದ ಬಂದ ನಮ್ಮತ್ತೆ ಬಾಲ್ಕನಿಗೆ ಹೋಗಿ ಅಗಲ ಎಲೆ ನೋಡಿ, "ಪತ್ರೊಡೆಗೆ ಆಗ್ತದಾ ಇದು?" ಅಂದರು, ಎರಡು ಎಲೆ ಕೈಲಿ ಹಿಡಿದೂ ಆಗಿತ್ತು. ಆಗುವುದಿಲ್ಲ! ಕೆಸುವಿನಲ್ಲಿ ತುರಿಕೆ ತರುವ ಅದೇ ಸೂಜಿಯಂಥ ಹರಳುಗಳು ಇದರಲ್ಲೂ ಇವೆ, ಆದರೆ ಇದು ತಿನ್ನುವ ಗಿಡವೇ ಅಲ್ಲ, ಹುಣಸೆಹುಳಿ ಎಷ್ಟು ಹಾಕಿದರೂ ಅಲ್ಲ. ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವೋ ಬೆಕ್ಕೋ ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಗೆಡ್ಡೆ ಕತ್ತರಿಸುವಾಗ ಕೈಗೆ ಗ್ಲೌಸ್ ಹಾಕಿ.

ಇನ್ನೊಂದು, ಆನ್‌ಲೈನ್‌ನಲ್ಲಿ ನೀಲಿ ಕ್ಯಾಲೇಡಿಯಂ ಬೀಜ ಅಂತ ಕಂಡರೆ ಕೊಳ್ಳಬೇಡಿ. ನೀಲಿ ಅನ್ನೋದೇ ಇಲ್ಲ, ಫೋಟೋಗೆ ಬಣ್ಣ ಹಚ್ಚಿರುತ್ತಾರೆ.

ಈಗ ಮತ್ತೆ ನವೆಂಬರ್‌ಗೆ ಬರೋಣ. ಎಲೆ ಹಳದಿಯಾಗಲು ಶುರುವಾದ ಕೂಡಲೇ ನೀರು ಅರ್ಧ ಮಾಡಿ, ಆಮೇಲೆ ಪೂರ್ತಿ ನಿಲ್ಲಿಸಿ. ಹಸಿ ದಂಟನ್ನು ಕತ್ತರಿಸುವ ಅವಸರ ಬೇಡ, ಅದರ ಸತ್ವ ಗೆಡ್ಡೆಗೆ ಇಳಿಯಲಿ. ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಎಳೆದರೆ ತಾನೇ ಬರುತ್ತದೆ. ಜಾಗ ಇದ್ದರೆ ಕುಂಡವನ್ನೇ ಒಣ ಮೂಲೆಯಲ್ಲಿಡಿ. ಇಲ್ಲದಿದ್ದರೆ ಗೆಡ್ಡೆ ಅಗೆದು, ಮಣ್ಣು ಕೊಡವಿ, ವಾರ ನೆರಳಲ್ಲಿ ಒಣಗಿಸಿ, ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರುತ್ತದೆ. ಫ್ರಿಜ್ ಅಂತೂ ಬೇಡವೇ ಬೇಡ, 15 ಡಿಗ್ರಿಗಿಂತ ಕೆಳಗೆ ಗೆಡ್ಡೆ ಹಾಳಾಗುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ನೋಡಿ ಮೆತ್ತಗಾದದ್ದನ್ನು ತೆಗೆದುಹಾಕಿ. ಏಪ್ರಿಲ್‌ನಲ್ಲಿ ದೊಡ್ಡ ಗೆಡ್ಡೆಯನ್ನು ಪ್ರತಿ ತುಂಡಿಗೂ ಒಂದೆರಡು ಕಣ್ಣು ಬರುವ ಹಾಗೆ ಕತ್ತರಿಸಿ, ಎರಡು ದಿನ ಗಾಯ ಒಣಗಲು ಬಿಟ್ಟು ನೆಟ್ಟರೆ ಒಂದು ಗಿಡ ಮೂರಾಗುತ್ತದೆ.

ಪೊಟ್ಟಣದ ಮೇಲೆ ಬಣ್ಣ ಬರೆದಿಡಿ, ಮಲಗಿದ ಗೆಡ್ಡೆಗಳೆಲ್ಲ ಒಂದೇ ಥರ. ನಾನು ಬರೆಯದೆ, ಸೀರೆಯ ಜಗಳ ಸರಿಮಾಡಲು ಕಾಕುಗೆ ಬಿಳಿ ಅಂತ ಕೊಟ್ಟ ಗೆಡ್ಡೆ ಕಡುಗೆಂಪಾಗಿ ಬಂತು. ಅವರಿಗೇನೋ ಅದೇ ಇಷ್ಟವಾಯಿತು, ನನ್ನ ಹತ್ತಿರ ಈಗ ಕೆಂಪು ಒಂದೂ ಇಲ್ಲ.